ಅತ್ತೆ ತೆರೆದ ಕಿಟಕಿ

ಕೇಳಿ ಗೆಳೆಯರೇ, ಬೆವರುಸಾಲೆಯಿಂದ ಅಳುತ್ತಿದ್ದ ಮೂರು ತಿಂಗಳ ಮಗಳಿಗಾಗಿ ನಿನ್ನೆ ನೀರು ತುಂಬಿಸುವ ಕೂಲರ್ ತಂದೆ. ತಂಪು ಸೋರಿಹೋಗಬಾರದೆಂದು ಇವತ್ತು ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೂ ಬಟ್ಟೆ ತುರುಕಿದೆ. ಮಧ್ಯಾಹ್ನದ ಹೊತ್ತಿಗೆ ಮನೆ ಇಡ್ಲಿ ಪಾತ್ರೆಯಾಗಿತ್ತು. ಮಗು ಇನ್ನೂ ಜೋರಾಗಿ ಅತ್ತಿತು. ಎಸ್‌ಟಿಡಿ ಬೂತಿಗೆ ಹೋಗಿ ಕೂಲರ್ ಮಾರಿದ ಬೆಂಗಳೂರಿನ ಅಂಗಡಿಯವನಿಗೆ ಬೈಯೋಣವೆಂದು ಚಪ್ಪಲಿ ಮೆಟ್ಟುವಾಗಲೇ ಸಾದಲಿಯಿಂದ ಅತ್ತೆ ಬಂದರು. ಅವರು ರೇಷ್ಮೆಹುಳು ಸಾಕುವವರು.

"ಇದೇನ್ ಅಳಿಯಂದ್ರೇ, ಹಿಂಗ್ ಮುಚ್ಚಿಟ್ಟಿದ್ದೀರಾ? ಬೇಸಿಗೇಲಿ ಹುಳದ ಮನೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ತೀವಿ, ಆದ್ರೆ ಎದುರಿನ ಕಿಟಕಿ ತೆಗ್ದೇ ಇರ್ತೀವಿ. ಒಳಗಿನ ಗಾಳಿ ಆಚೆ ಹೋಗ್ದಿದ್ರೆ ಹುಳ ಸೊಪ್ಪೇ ಮುಟ್ಟಲ್ಲ!"

ಒಂದು ಕಿಟಕಿ ತೆರೆದು ಕೂಲರನ್ನು ಅದಕ್ಕೆ ಬೆನ್ನು ಮಾಡಿ ನಿಲ್ಲಿಸಿ, ಎದುರಿನ ಕಿಟಕಿಯನ್ನೂ ತೆರೆದರು. ಸ್ವಲ್ಪ ಹೊತ್ತಿಗೆಲ್ಲ ಮನೆಯೊಳಗೆ ನಂದಿ ಬೆಟ್ಟದ ಗಾಳಿ. ಮಗು ನಿದ್ದೆಹೋಯಿತು. ಇಷ್ಟು ಸುಲಭವೇ ಎಂದು ನಾನು ಬಾಯಿಬಿಟ್ಟು ನಿಂತಿದ್ದೆ.

"ಹೋಗ್ಲಿ ಬಿಡಿ, ಪಾಪ, ನೀವೇನ್ ಹುಳ ಸಾಕಿದೋರಾ?" ಎಂದು ಅತ್ತೆಯೇ ಸಮಾಧಾನ ಹೇಳಿದರು.

ಹೈಸ್ಕೂಲಿನಲ್ಲಿ ನೀರು ಆವಿಯಾಗುವ ಪಾಠ ಮಾಡುವ ವಿಜ್ಞಾನದ ಮೇಷ್ಟ್ರು ನಾನೇ. ದಯವಿಟ್ಟು ನನ್ನ ಹುಡುಗರಿಗೆ ಹೇಳಬೇಡಿ.