ಗಾಜಿನ ಪೆಟ್ಟಿಗೆಯ ಕಾಡವ್ವ

ನನ್ನ ತಮ್ಮ ಮದ್ರಾಸಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅವನ ಮೊದಲ ಮಗುವಿನ ನಾಮಕರಣಕ್ಕೆ ನಾನು ಬರಲೇಬೇಕೆಂದು ಹಟ ಹಿಡಿದು, ಕರೆದುಕೊಂಡು ಹೋಗಲು ತಾನೇ ಊರಿಗೆ ಬಂದುಬಿಟ್ಟ. ನಮ್ಮ ಮನೆ ಇದ್ದದ್ದು ವಯನಾಡಿನ ಬೇಗೂರಿನ ಕಾಡಂಚಿನಲ್ಲಿ. ನನ್ನ ಗಂಡನ ಅಜ್ಜ ಗಡಿಯಾಚೆಯ ಕನ್ನಡ ಸೀಮೆಯ ಕೋಟೆ ಎಂಬ ಊರಿನ ಕಡೆಯಿಂದ ಬಂದು ಗದ್ದೆ ಮಾಡಿದ ಜಾಗ ಅದು. ಗಂಡನಿಗೆ ಕೊಯ್ಲು ಬಿಟ್ಟು ಬರುವ ಹಾಗಿರಲಿಲ್ಲ. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಇನ್ನೂ ಹಾಲು ಬಿಡದ ಕೂಸು, ಈ ಮೂವರನ್ನು ಕಟ್ಟಿಕೊಂಡು ನಾನು ತಮ್ಮನ ಹಿಂದೆ ಹೊರಟೆ. ಮಾನಂದವಾಡಿಯಿಂದ ಬಸ್ಸು, ಕಲ್ಲಿಕೋಟೆಯಿಂದ ರೈಲು. ರೈಲನ್ನು ನಾನೂ ಅದೇ ಮೊದಲ ಸಲ ಹತ್ತಿದ್ದು.

ಹೊರಡುವ ಹೊತ್ತಿಗೆ ಮಗ ಸರಿಯಾಗಿ ಉಣ್ಣುವುದನ್ನು ಬಿಟ್ಟಿದ್ದ. ಅದರ ಕಾರಣವನ್ನು ಮೊದಲು ಹೇಳಬೇಕು.

ನಮ್ಮ ಗದ್ದೆಯ ಆಚೆ, ಕಾಡಿನೊಳಗೆ ಒಂದು ಹಾಡಿ ಇತ್ತು. ಬಿದಿರಿನ ಕೆಲವು ಗುಡಿಸಲುಗಳು, ಅಷ್ಟೇ. ಅಲ್ಲಿಂದ ಒಬ್ಬ ಹೆಂಗಸು ದಿನಾ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಿದ್ದಳು. ನಾನು ಗದ್ದೆಯಲ್ಲಿರುವಾಗ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗುವುದು ಅವಳ ಕೆಲಸ. ಅವಳಿಗೊಂದು ಹೆಸರಿತ್ತು, ಆದರೆ ಮಗ ಮಾತು ಕಲಿತಾಗ ಕಾಡವ್ವ ಎಂದು ಕರೆದ, ನಾವೂ ಹಾಗೇ ಕರೆದೆವು. ಅವಳ ಕೊರಳಲ್ಲಿ ಕಪ್ಪು ಬಿಳಿ ಮಣಿಯ ಸರಗಳು ತುಂಬಿದ್ದವು. ಮಗ ಆ ಮಣಿಗಳನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಲೇ ನಿದ್ದೆ ಹೋಗುತ್ತಿದ್ದ. ನನ್ನ ಮಡಿಲಲ್ಲಿ ಹಾಕಿದರೆ ಎದ್ದು ಅಳುತ್ತಿದ್ದ.

ಆ ವರ್ಷಗಳಲ್ಲಿ ತಿರುವಾಂಕೂರಿನ ಕಡೆಯಿಂದ ಜನ ಗುಂಪುಗುಂಪಾಗಿ ಬಂದು ಕಾಡು ಕಡಿಯುತ್ತಿದ್ದರು. ಮರ ಬೀಳುವ ಸದ್ದು ದಿನವೂ ಹತ್ತಿರವಾಗುತ್ತಿತ್ತು. ಬೋಳಾದ ಗುಡ್ಡದ ಮೇಲೆ ಮರಗೆಣಸು, ಎಣ್ಣೆ ತೆಗೆಯುವ ಹುಲ್ಲು ಬೆಳೆದವು. ಅವರ ಮೇಲೆ ನಾನೇನು ಹೇಳಲಿ, ನಮ್ಮವರೂ ಒಂದು ಕಾಲಕ್ಕೆ ಹಾಗೆಯೇ ಬಂದವರು. ಒಂದು ಬೆಳಿಗ್ಗೆ ಕಾಡವ್ವ ಬರಲಿಲ್ಲ. ಮಧ್ಯಾಹ್ನ ನನ್ನ ಗಂಡ ಹೋಗಿ ನೋಡಿದರೆ ಹಾಡಿಯೇ ಖಾಲಿ. ಒಲೆಯ ಕಲ್ಲು ಬಿಟ್ಟರೆ ಏನೂ ಇಲ್ಲ. ಎಲ್ಲಿಗೆ ಹೋದರೆಂದು ಹೇಳುವವರೂ ಇರಲಿಲ್ಲ.

ಮಗ ಜಗುಲಿಯ ಕಂಬ ಹಿಡಿದು ನಿಂತು ಕೇಳುತ್ತಿದ್ದ, "ಕಾಡವ್ವ ಎಲ್ಲೋದ್ಲು?"

"ಬರ್ತಾಳೆ ಮಗ" ಎನ್ನುತ್ತಿದ್ದೆ. ಊರು ಬಿಟ್ಟು ಊರಿಗೆ ಹೋದರೆ ಮರೆತಾನು ಎಂಬ ಆಸೆಯಿಂದಲೇ ನಾನು ಮದ್ರಾಸಿಗೆ ಒಪ್ಪಿದ್ದು.

ನಾಮಕರಣ ಮುಗಿಯಿತು. ಹೊರಡುವ ಹಿಂದಿನ ದಿನ ತಮ್ಮ, "ಅಕ್ಕ, ಮಕ್ಕಳಿಗೆ ಮ್ಯೂಸಿಯಂ ತೋರಿಸ್ದೆ ಕಳಿಸಿದ್ರೆ ಹೆಂಗೆ? ಬೆಳಿಗ್ಗೆ ನಾನೇ ಬಿಟ್ಟು ಕಚೇರಿಗೆ ಹೋಗ್ತೀನಿ, ಸಂಜೆ ಬಂದು ಕರ್ಕೊಂಡು ಬರ್ತೀನಿ" ಎಂದ.

"ಅಷ್ಟೊತ್ತು ನಾನೊಬ್ಳೆ ಏನು ಮಾಡ್ಲೊ? ನಂಗೆ ತಮಿಳೂ ಬರಕಿಲ್ಲ."

"ನೋಡಕ್ಕೆ ಭಾಷೆ ಯಾಕಕ್ಕ ಬೇಕು?"

ಆ ಕಟ್ಟಡದ ಬಾಗಿಲಲ್ಲಿ ನಮ್ಮನ್ನು ಬಿಟ್ಟು ಅವನು ಹೋದ. ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು, ನೋಡುವುದಕ್ಕೂ ಭಾಷೆ ಬೇಕು ಎಂದು. ತಿಮಿಂಗಿಲದ ಎಲುಬುಗೂಡು ಮಾಳಿಗೆಯ ತೊಲೆಗಳ ಹಾಗೆ ಹಬ್ಬಿಕೊಂಡಿತ್ತು. ಮಗಳು ಕೇಳಿದಳು, "ಅವ್ವ, ಇದು ಏನು ತಿನ್ನುತ್ತೆ? ಇದು ಸತ್ತಾಗ ಯಾರು ಎಳೆದು ತಂದ್ರು? ಇದರಲ್ಲಿ ಏನು ಬರೆದಿದೆ?" ಹಲಗೆಯ ಮೇಲಿದ್ದದ್ದು ಇಂಗ್ಲಿಷು, ತಮಿಳು. ಮಗಳು ಶಾಲೆಯಲ್ಲಿ ಕಲಿಯುತ್ತಿದ್ದದ್ದು ಮಲಯಾಳ, ನಾನು ಕಲಿತಿದ್ದದ್ದು ಒಂದಿಷ್ಟು ಕನ್ನಡ. "ಗೊತ್ತಿಲ್ಲ ಕಣೆ" ಎಂದು ಹೇಳಿ ಹೇಳಿ ನನಗೇ ಸಾಕಾಯಿತು. ಕೊನೆಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಅದು ಇನ್ನೂ ಕಷ್ಟವಾಯಿತು.

ಕಲ್ಲಿನ ದೇವರುಗಳಿದ್ದ ಕೋಣೆಯಲ್ಲಿ ಕೂಸು ಹಾಲಿಗೆ ಅತ್ತಿತು. ಒಂದು ವಿಗ್ರಹದ ಪೀಠದ ಅಂಚಿಗೆ ಕುಳಿತೆ. ಕಾವಲಿನವನು ಓಡಿ ಬಂದು ಏಳು ಎಂದು ಕೈಸನ್ನೆ ಮಾಡಿದ. ಗೋಡೆಗೆ ಮುಖ ಮಾಡಿ, ನಿಂತುಕೊಂಡೇ, ಸೆರಗಿನೊಳಗೆ ಹಾಲೂಡಿಸಿದೆ. ಕೂಸು ಒದ್ದೆ ಮಾಡಿದ್ದು ಸೀರೆಗೆ ಇಳಿಯಿತು. ತಿರುಗಿ ನೋಡಿದರೆ ಮಗ ಇಲ್ಲ.

"ನಿನ್ನ ತಮ್ಮ ಎಲ್ಲೆ?"

ಮಗಳು ಪಕ್ಕದ ಕೋಣೆಯ ಕಡೆ ಕೈ ತೋರಿಸಿದಳು. ಅಷ್ಟರಲ್ಲಿ ಅವನ ಕೂಗು ಕೇಳಿತು. ಹೆದರಿದ ಕೂಗಲ್ಲ, ಸಂತೋಷದ ಕೂಗು. ಎಷ್ಟೋ ವಾರಗಳಿಂದ ನಾನು ಕೇಳದ ಕೂಗು.

"ಕಾಡವ್ವಾ!"

ಆ ಕೋಣೆಯ ತುಂಬ ಗಾಜಿನ ಬೀರುಗಳಿದ್ದವು. ಒಳಗೆ ಬಿಲ್ಲು, ಬುಟ್ಟಿ, ಜೇನು ಇಳಿಸುವ ಬಳ್ಳಿಯ ಏಣಿ. ಒಂದು ದೊಡ್ಡ ಪೆಟ್ಟಿಗೆಯಲ್ಲಿ ಆಳುದ್ದದ ಗಾರೆಯ ಗೊಂಬೆ ನಿಂತಿತ್ತು. ಒಂದು ತುಂಡು ಬಟ್ಟೆ ಉಟ್ಟ ಹೆಂಗಸು, ಸೊಂಟ ಒಂದು ಕಡೆ ವಾಲಿದೆ, ಕೊರಳಲ್ಲಿ ಕಪ್ಪು ಬಿಳಿ ಮಣಿಗಳ ಸರ. ಮುಖ ಅವಳದಲ್ಲ. ಅವಳ ಮುಖ ಇನ್ನೂ ಅಗಲ, ನಗುವ ಮುಖ. ಆದರೆ ನಿಂತ ರೀತಿ ಅವಳದೇ. ಮಗುವನ್ನು ಎತ್ತಿ ಎತ್ತಿ ಒಂದು ಪಕ್ಕಕ್ಕೆ ಬಾಗಿದ ಸೊಂಟ.

ಮಗ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ಹಿಡಿದಿದ್ದ. "ಅವ್ವ, ಇಲ್ಲೇ ಅವ್ಳೆ! ಇಲ್ಲಿ ಇಟ್ಟವ್ರೆ! ಬಾಗ್ಲು ತೆಗಿ!"

"ಅದು ಗೊಂಬೆ ಕಣೊ."

"ಅಲ್ಲ. ಕಾಡವ್ವ."

"ಕಣ್ಣು ಮಿಟುಕಿಸ್ತಾ ಇಲ್ಲ ನೋಡು" ಎಂದಳು ಮಗಳು.

"ನಿದ್ದೆ ಬಂದೈತೆ ಅವ್ಳಿಗೆ. ತೆಗಿ ಅವ್ವ, ತೆಗಿ!" ಎಂದು ಅವನು ಗಾಜು ಬಡಿಯತೊಡಗಿದ. ಕಾವಲಿನವನು ಓಡಿ ಬಂದ. ಮುಟ್ಟಬಾರದು ಎನ್ನುತ್ತಿದ್ದಾನೆಂಬುದು ನನಗೆ ಅರ್ಥವಾಯಿತು. ನಾನು ಮಲಯಾಳದಲ್ಲಿ, ಚಿಕ್ಕ ಮಗು, ತಪ್ಪು ತಿಳಿದುಕೊಂಡಿದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಸುತ್ತ ಜನ ಸೇರಿದರು. ಕೆಲವರು ನಕ್ಕರು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಮಗನ ರಟ್ಟೆ. ಎಳೆದರೆ ಅವನು ನೆಲಕ್ಕೆ ಬಿದ್ದು ಪೆಟ್ಟಿಗೆಯ ಕಾಲನ್ನು ತಬ್ಬಿಕೊಂಡ.

ಗುಂಪಿನಲ್ಲಿದ್ದ ಒಬ್ಬ ಕಾಲೇಜು ಹುಡುಗ ನನ್ನ ಮಲಯಾಳ ಕೇಳಿ ಹತ್ತಿರ ಬಂದ. ಪಾಲಕ್ಕಾಡಿನವನಂತೆ. ಏನಾಯಿತೆಂದು ಕೇಳಿದ, ಹೇಳಿದೆ. ಹಲಗೆಯನ್ನು ಓದಿ ನನಗೆ ತಿಳಿಸಿದ. ಇವರು ವಯನಾಡಿನ ಕಾಡಿನ ಜನ, ಜೇನು ಗೆಡ್ಡೆ ತಿಂದು ಬದುಕುವವರು, ಹೊರಗಿನವರನ್ನು ಕಂಡರೆ ನಾಚುವವರು ಎಂದು ಬರೆದಿದೆಯಂತೆ.

"ಚೇಚಿ ಎಲ್ಲಿಯವರು?" ಎಂದು ಅಕ್ಕನನ್ನು ಕರೆಯುವ ಹಾಗೆ ಕೇಳಿದ.

"ವಯನಾಡು."

"ಹಾಗಾದರೆ ಇವರನ್ನು ನಿಜವಾಗಿ ಕಂಡಿದ್ದೀರಾ?"

ಅವನು ಒಳ್ಳೆಯ ಹುಡುಗ, ತಿಳಿಯುವ ಆಸೆಯಿಂದಲೇ ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಮಗನಿಗೆ ಅನ್ನ ತಿನ್ನಿಸಿದವಳು, ಜ್ವರ ಬಂದಾಗ ಎದೆಗೆ ಹಾಕಿಕೊಂಡು ಕೂತವಳು ಎಂದು ಆ ಗಾಜಿನ ಮುಂದೆ ನಿಂತು ಹೇಗೆ ಹೇಳುವುದು?

ಮಗ ಅತ್ತು ಅತ್ತು ಸುಸ್ತಾಗಿ ನನ್ನ ಮುಖ ನೋಡಿದ. "ಇದು ಗೊಂಬೆ ಆದ್ರೆ ಕಾಡವ್ವ ಎಲ್ಲವ್ಳೆ? ಹೇಳು."

ಅವನು ತಿರುಗಿ ಗಾಜಿಗೆ ಕೆನ್ನೆ ಒತ್ತಿಕೊಂಡ.

ಅಲ್ಲಿಂದ ಅವನು ಏಳಲೇ ಇಲ್ಲ. ನಾನೂ ಪಕ್ಕದ ನೆಲದ ಮೇಲೆ ಕುಳಿತೆ. ಕಾವಲಿನವನು ಗೊಣಗಿದ, ಆಮೇಲೆ ಅವನೂ ಸೋತು ಬಾಗಿಲ ಬಳಿ ಸ್ಟೂಲಿನಲ್ಲಿ ಕೂತ. ಕಟ್ಟಿಕೊಂಡು ತಂದಿದ್ದ ಇಡ್ಲಿಯಲ್ಲಿ ಒಂದನ್ನು ಮಗ ಮುರಿದು ಪೆಟ್ಟಿಗೆಯ ಕೆಳಗಿನ ಸಂದಿಗೆ ತುರುಕಲು ನೋಡಿದ. ಮಗಳು ನಾಚಿಕೆಯಿಂದ ದೂರ ಹೋಗಿ, ತಾನು ನಮ್ಮವಳಲ್ಲ ಎಂಬಂತೆ ಬಿಲ್ಲುಗಳನ್ನು ನೋಡುತ್ತ ನಿಂತಳು. ಹೀಗೆ ಸಂಜೆಯಾಯಿತು. ಬಾಗಿಲು ಹಾಕುವ ಗಂಟೆ ಹೊಡೆಯಿತು. ಹೊರಗೆ ಕಾದು ಕಾದು ನಮ್ಮನ್ನು ಹುಡುಕಿಕೊಂಡು ತಮ್ಮ ಒಳಗೆ ಬಂದ. ಇಬ್ಬರೂ ಸೇರಿ ಮಗನನ್ನು ಎತ್ತಿದೆವು. ಅವನು ನನ್ನ ಮುಂಗೈ ಕಚ್ಚಿದ.

ಆಗ ತಮ್ಮ ಅವನ ಕಿವಿಯ ಹತ್ತಿರ ಬಗ್ಗಿ, "ನಾನು ಇಲ್ಲಿಯ ದೊಡ್ಡ ಸಾಹೇಬರ ಹತ್ರ ಮಾತಾಡಿದೀನಿ. ನಾಳೆ ಬಿಡ್ತಾರಂತೆ. ರೈಲು ಹತ್ತಿಸಿ ಊರಿಗೇ ಕಳಿಸ್ತಾರೆ" ಎಂದ.

ಮಗನ ಅಳು ನಿಂತಿತು. "ನಿಜ್ವಾಗ್ಲೂ ಮಾವ?"

"ನಿಜ್ವಾಗ್ಲೂ."

ನಾನು ಬೇಡವೆನ್ನಬೇಕು ಎಂದುಕೊಂಡೆ. ಆದರೆ ಮಗ ಅಷ್ಟು ಹೊತ್ತಿಗೆ ಸೋದರಮಾವನ ಹೆಗಲ ಮೇಲೆ ತಲೆ ಇಟ್ಟಿದ್ದ. ಗಾಜಿನ ಕಡೆ ಕೈ ಬೀಸಿ, "ಬೇಗ ಬಾ" ಎಂದ.

ಊರಿಗೆ ಬಂದ ಮೇಲೆ ಕುಟ್ಟಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿದರೆ ಸಾಕು, ಓಡುತ್ತಿದ್ದ. ಬಸ್ಸು ಹೋದ ಮೇಲೂ ಧೂಳಿನಲ್ಲಿ ನಿಂತಿರುತ್ತಿದ್ದ. ನನ್ನ ಗಂಡನಿಗೆ ಸಿಟ್ಟು ಬಂತು. "ಮಗೀಗೆ ಇಂಥ ಸುಳ್ಳು ಹೇಳ್ತಾರೇನೆ? ಈಗ ನಿಜ ಹೇಳಿದ್ರೂ ನಂಬಾಕಿಲ್ಲ." ಅವರು ಹೇಳಿದ್ದು ಸರಿ. ನಾನು ಹೇಳಿ ನೋಡಿದೆ, ಅವನು ಕಿವಿ ಮುಚ್ಚಿಕೊಂಡ.

ಬೇಸಗೆಯಲ್ಲಿ ಜೇನು ಮಾರಲು ಬಂದ ಒಬ್ಬ ಮುದುಕ ಸುದ್ದಿ ತಂದ. ಆ ಹಾಡಿಯವರು ಮುತ್ತಂಗದ ಕಡೆ ಹೋಗಿ ಗುಡಿಸಲು ಹಾಕಿದ್ದಾರೆಂದ. ಮರುದಿನವೇ ಮಗಳನ್ನೂ ಕೂಸನ್ನೂ ನೆರೆಮನೆಯಲ್ಲಿ ಬಿಟ್ಟು, ನನ್ನ ಗಂಡ ನನ್ನನ್ನೂ ಮಗನನ್ನೂ ಕರೆದುಕೊಂಡು ಹೊರಟರು. ಕೇಣಿಚಿರದಲ್ಲಿ ಇಳಿದು ಉಪ್ಪು, ಬೆಲ್ಲ, ಒಂದು ಸೀರೆ ಕೊಂಡು ಮತ್ತೆ ಬಸ್ಸು ಹತ್ತಿದೆವು. ಮುತ್ತಂಗದ ಚೆಕ್‌ಪೋಸ್ಟಿನಲ್ಲಿ ಇಳಿದು ಕಾಡಿನ ದಾರಿಯಲ್ಲಿ ನಡೆಯುವಾಗ ಮಗ ಅಪ್ಪನ ಹೆಗಲ ಮೇಲಿದ್ದ.

ಅವಳು ಗುಡಿಸಲ ಮುಂದೆ ಗೆಡ್ಡೆ ಸುಲಿಯುತ್ತಿದ್ದಳು. ಬಹಳ ಸೊರಗಿದ್ದಳು. ಕೊರಳಲ್ಲಿ ಒಂದೇ ಒಂದು ಸರ ಉಳಿದಿತ್ತು. ಮೈಮೇಲೆ ಯಾರೋ ಕೊಟ್ಟ ಗಂಡಸರ ಅಂಗಿ. ನಮ್ಮನ್ನು ಕಂಡವಳೇ ಕತ್ತಿ ಬಿಟ್ಟು ಎದ್ದು ಕೈ ಚಾಚಿದಳು.

"ಅಯ್ಯೊ, ನನ್ನ ಕೂಸೆ! ಬಾ, ಬಾ."

ಮಗ ಇಳಿದ. ಎರಡು ಹೆಜ್ಜೆ ಹೋಗಿ ನಿಂತ. ಅವಳ ಮುಖ ನೋಡಿದ, ಅಂಗಿ ನೋಡಿದ. ಹಿಂದೆ ಬಂದು ನನ್ನ ಸೀರೆಯಲ್ಲಿ ಮುಖ ಹುದುಗಿಸಿ, ಮೆಲ್ಲಗೆ ಹೇಳಿದ, "ಇವ್ಳಲ್ಲ ಅವ್ವ. ನಮ್ಮವ್ಳು ಅಲ್ಲಿ, ಗಾಜಿನೊಳ್ಗೆ ಅವ್ಳೆ."

ಅವಳ ಕೈ ಚಾಚಿದ ಹಾಗೇ ಇತ್ತು. "ಏನಂತು ಕೂಸು?" ಎಂದು ಕೇಳಿದಳು.

"ನಾಚ್ಕೆ ಅವನಿಗೆ" ಎಂದೆ.

"ಮಕ್ಳು ಮರೀತವೆ" ಎಂದು ನಕ್ಕಳು. ಆ ನಗು ಹಳೆಯದೇ. ಅದನ್ನು ಕೇಳಿದರಾದರೂ ಗುರುತು ಹಿಡಿದಾನು ಎಂದು ನಾನು ಮಗನನ್ನು ಮುಂದಕ್ಕೆ ತಳ್ಳಿದೆ. ಅವನು ಬಿಗಿಯಾಗಿ ಹಿಡಿದುಕೊಂಡ. ನನ್ನ ಗಂಡ ಗದರಿದರು. ಅವಳೇ ಬೇಡವೆಂದಳು.

ಯಾಕೆ ಹೇಳದೆ ಬಂದಿರಿ ಎಂದು ಕೇಳಿದೆ. ಹೇಳುವಷ್ಟು ಹೊತ್ತು ಕೊಡಲಿಲ್ಲ ಎಂದಳು. ಯಾರು ಎಂದು ನಾನು ಕೇಳಲಿಲ್ಲ. ಸೀರೆಯನ್ನು ಕೈಯಲ್ಲಿ ಹಿಡಿದು ನೋಡಿ ಒಳಗಿಟ್ಟು ಬಂದಳು. ಬರುವಾಗ ಮುತ್ತುಗದ ಎಲೆಯಲ್ಲಿ ಜೇನುಹುಟ್ಟಿನ ಒಂದು ತುಂಡು ತಂದಳು. ದೂರದಲ್ಲೇ ಕುಕ್ಕರುಗಾಲಲ್ಲಿ ಕೂತು, ಅವನ ಕಡೆ ನೋಡದೆ, ಎಲೆಯನ್ನು ನೆಲದ ಮೇಲೆ ಮುಂದಕ್ಕೆ ಸರಿಸಿದಳು. ಮಗ ಬಹಳ ಹೊತ್ತು ಕಾದು, ನನ್ನ ಸೆರಗು ಬಿಡದೆ ಬಗ್ಗಿ, ಅದನ್ನು ತೆಗೆದುಕೊಂಡ. ಜೇನು ಮೊಣಕೈವರೆಗೆ ಹರಿಯಿತು. ಒರೆಸಲು ನಾನು ಸೆರಗೆತ್ತಿದೆ.

"ಬಿಡವ್ವ, ತಿನ್ಲಿ" ಎಂದಳು ಅವಳು.