ಯಾರ ಬೆಳಿಗ್ಗೆ?

ನಮ್ಮ ದೊಡ್ಡಮ್ಮ ‘ಬೆಳಿಗ್ಗೆ’ ಎಂದರೆ ನಂಬಬಾರದು. ಇದು ಚಾಡಿಯಲ್ಲ, ಮನೆಮಂದಿಯೆಲ್ಲ ಪಟ್ಟ ಪಾಡು. ಒಮ್ಮೆ “ಬೆಳಿಗ್ಗೆ ಹೋಗಿ ಫೋಟೊ ತೆಗೆಸೋಣ” ಎಂದಳೆಂದು ದೊಡ್ಡಪ್ಪ ಇಸ್ತ್ರಿ ಅಂಗಿ ತೊಟ್ಟು ಎಂಟು ಗಂಟೆಯಿಂದ ಬಾಗಿಲಲ್ಲಿ ಕೂತರು. ಅವಳು ಒಳಗೆ ಗೊರಕೆ ಹೊಡೆಯುತ್ತಿದ್ದಳು. ಸಂಜೆ ಎದ್ದು, “ಇನ್ನೂ ಹೊರಟಿಲ್ವಾ ನೀವು?” ಎಂದು ಅವರನ್ನೇ ಗದರಿದಳು.

ತಪ್ಪು ಅವಳ ಕೆಲಸದ್ದು. ಹತ್ತೊಂಬತ್ತು ವರ್ಷದಿಂದ ಅವಳು ಒಂದು ಸಂಶೋಧನಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ಕಿಟಕಿಯಿಲ್ಲದ ಎರಡು ಕೋಣೆಗಳಿವೆ. ಒಂದನೆಯದರಲ್ಲಿ ದೀಪ ನಮ್ಮ ಹಗಲಿನಂತೆಯೇ ಉರಿಯುತ್ತದೆ. ಎರಡನೆಯದರಲ್ಲಿ ಎಲ್ಲ ತಿರುಗುಮುರುಗು: ಸಂಜೆ ಏಳಕ್ಕೆ ದೀಪ ಹತ್ತುತ್ತದೆ, ಬೆಳಿಗ್ಗೆ ಏಳಕ್ಕೆ ಆರುತ್ತದೆ. ಆ ಕೋಣೆ ದೊಡ್ಡಮ್ಮನದು, ರಾತ್ರಿಯಿಡೀ ಅಲ್ಲೇ ಕೆಲಸ. ಸ್ವಿಚ್ ಒತ್ತುತ್ತಲೇ “ಏಳ್ರೋ, ಬೆಳಗಾಯ್ತು” ಎನ್ನುತ್ತಾಳಂತೆ. ಇಲಿಗಳು ಬೆಳಕು ಕಂಡರೆ ಮಲಗುವ ಜಾತಿ, ಅದು ಬೇರೆ ಮಾತು.

ಅಲ್ಲೊಬ್ಬಳು ಪಿಎಚ್‌.ಡಿ. ಹುಡುಗಿ. ದೊಡ್ಡಮ್ಮ ಅವಳನ್ನು ‘ಕನ್ನಡಕ’ ಎಂದೇ ಕರೆಯುವುದು. ಒಂದು ಶನಿವಾರ ಸಂಜೆ ನಾಲ್ಕು ಗಂಟೆಗೆ, ದೊಡ್ಡಮ್ಮ ಆಗಷ್ಟೇ ಎದ್ದು ಕಾಫಿ ಹಿಡಿದಿದ್ದಾಗ, ಕನ್ನಡಕ ಮುಖ ಸಪ್ಪಗೆ ಮಾಡಿಕೊಂಡು ನಮ್ಮ ಮನೆಗೆ ಬಂದಳು.

“ನಾಲ್ಕು ವರ್ಷ ಮಣ್ಣು ಪಾಲಾಯ್ತು ಅಕ್ಕ. ಸೋಮವಾರದೊಳಗೆ ಈ ವಿಷಯ ಬಿಟ್ಟು ಬೇರೆ ಹುಡುಕು ಅಂದ್ರು ನಮ್ಮ ಸರ್.”

ಏನು ವಿಷಯವೆಂದು ಕೇಳಿದೆ. ಅವಳು ನನ್ನ ಕಿವಿಯನ್ನೇ ಹಿಡಿದು ತೋರಿಸಿದಳು. ಇಲ್ಲಿ ಮೆತ್ತಗೆ, ಆದರೂ ಗಟ್ಟಿಯಾಗಿ ಸಿಗುವುದು ಮೃದ್ವಸ್ಥಿ. ಇಲಿಮರಿಗಳ ಎಲುಬಿನ ತುದಿಯಲ್ಲೂ ಅದಿರುತ್ತದೆ, ಅದು ಬೆಳೆದಂತೆ ಎಲುಬು ಉದ್ದವಾಗುತ್ತದೆ. ಅದರ ಜೀವಕೋಶಗಳಲ್ಲಿ ಹೊತ್ತು ನೋಡುವ ವಂಶವಾಹಿಗಳಿವೆ. ಅವು ದಿನಕ್ಕೊಮ್ಮೆ ಚುರುಕಾಗಿ, ಮತ್ತೆ ತಣ್ಣಗಾಗುತ್ತವೆ. ದೀಪದ ಹೊತ್ತು ತಿರುಗಿಸಿದರೆ ಈ ಗಡಿಯಾರವೂ ತಿರುಗುತ್ತದೆಂದು ತೋರಿಸಲು ಅವಳು ಹೊರಟಿದ್ದಳು.

“ತಿರುಗ್ಲೇ ಇಲ್ಲ. ಎರಡೂ ಕೋಣೆ ಮರಿಗಳಲ್ಲಿ ಬೆಳಿಗ್ಗೆನೇ ಚುರುಕು, ಸಂಜೆ ತಣ್ಣಗೆ. ದೀಪಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ ಅನ್ನೋ ಹಾಗೆ.”

ಪೇಪರಿನ ಹಿಂದಿನಿಂದ ದೊಡ್ಡಪ್ಪ ಕೇಳಿದರು, “ಬೆಳಿಗ್ಗೆ ಅಂತ ಬರೆದಿದ್ದು ಯಾರು?”

“ಒಂದನೇ ಕೋಣೇದು ನಾನು. ಎರಡನೇದರಲ್ಲಿ ಮೃದ್ವಸ್ಥಿ ತುಣುಕು ತೆಗೆದು ಚೀಟಿ ಅಂಟಿಸೋದೆಲ್ಲ ಅಕ್ಕಾನೇ.”

“ಇವಳ ಬೆಳಿಗ್ಗೆನಾ? ಹಾಗಾದ್ರೆ ದೇವರೇ ಗತಿ.”

ದೊಡ್ಡಮ್ಮ ಅವರನ್ನು ದುರುಗುಟ್ಟಿ ನೋಡಿದಳು. “ಬೆಳಿಗ್ಗೆ ಅಂದ್ರೆ ಬೆಳಿಗ್ಗೆನೇ. ದೀಪ ಹಾಕಿದ ತಕ್ಷಣ ತೆಗೆದಿದ್ದು.”

“ನಿಮ್ಮ ಕೋಣೇಲಿ ದೀಪ ಹಾಕೋದು ಸಂಜೆ ಅಲ್ವಾ ಅಕ್ಕ?”

“ನಿನಗೆ ಸಂಜೆ. ಇಲಿಗೆ ಬೆಳಿಗ್ಗೆ.”

ಕನ್ನಡಕ ಮೆಲ್ಲಗೆ ಬೆರಳು ಮಡಚಿ ಲೆಕ್ಕ ಹಾಕಿದಳು. ದೊಡ್ಡಮ್ಮ ಕಾಫಿಯನ್ನು ಅಲ್ಲೇ ಬಿಟ್ಟು, ಚೀಲದಿಂದ ತನ್ನ ನೋಟ್‌ಬುಕ್ ತಂದಳು. ‘ಬೆಳಿಗ್ಗೆ. ದೀಪ ಹಾಕಿದೆ. ೭.೦೫.’ ದೀಪ ಆರಿಸಿದಾಗ ‘ಸಂಜೆ’. ಪುಟಪುಟಕ್ಕೂ ಹಾಗೆಯೇ ಇತ್ತು. ಎರಡನೇ ಕೋಣೆಯ ಚೀಟಿಗಳನ್ನೆಲ್ಲ ಅದಲುಬದಲು ಮಾಡಿ ಓದಿದರೆ, ಅಲ್ಲಿ ಸಂಜೆಯೇ ಚುರುಕು, ಬೆಳಿಗ್ಗೆ ತಣ್ಣಗೆ. ಎಲುಬಿನ ಗಡಿಯಾರ ದೀಪದ ಮಾತು ಕೇಳಿತ್ತು.

ಹುಡುಗಿ ನಕ್ಕಳು, ಅತ್ತಳು, ಕನ್ನಡಕ ಒರೆಸಿಕೊಂಡು ಮತ್ತೆ ನಕ್ಕಳು. ದೊಡ್ಡಮ್ಮನಿಗೆ ಮಾತ್ರ ಮುಖ ತೋರಿಸಲೂ ನಾಚಿಕೆ. “ನನ್ನ ಬಾಯಿಚಾಳಿಯಿಂದ ನಿನ್ನ ಓದು ಹಾಳಾಗ್ತಿತ್ತಲ್ಲೇ ಮಗಳೇ” ಎಂದು ಆ ವಾರವೆಲ್ಲ ಕೊರಗಿದಳು. ದೊಡ್ಡಪ್ಪನೋ, ಪಿಎಚ್‌.ಡಿ. ತನಗೇ ಬರಬೇಕು ಎಂದು ಬೀಗುತ್ತ ಓಡಾಡಿದರು.

ಆರು ತಿಂಗಳ ಮೇಲೆ ಫೋನ್ ಬಂತು.

“ಅಕ್ಕ, ಶುಕ್ರವಾರ ಎಲ್ಲರ ಮುಂದೆ ಪ್ರಬಂಧ ಮಂಡಿಸ್ತೀನಿ. ಬೆಳಿಗ್ಗೆ. ನೀವು ಬರ್ಲೇಬೇಕು.”

ದೊಡ್ಡಮ್ಮನ ಮುಖ ಬಾಡಿತು. ಅದು ಅವಳು ಮಲಗುವ ಹೊತ್ತು. ಆದರೂ ಈಗ ಅವಳಿಗೆ ಬುದ್ಧಿ ಬಂದಿತ್ತು.

“ಯಾರ ಬೆಳಿಗ್ಗೆ?”

“ನಿಮ್ಮದು. ಸಂಜೆ ಐದಕ್ಕೆ. ಸರ್ ಹತ್ರ ಜಗಳ ಆಡಿ ಬದಲಾಯಿಸ್ದೆ.”

ದೊಡ್ಡಮ್ಮ ಫೋನಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ದೊಡ್ಡಪ್ಪನ ಇಸ್ತ್ರಿ ಅಂಗಿ ಹುಡುಕತೊಡಗಿದಳು.