ಬೀಗದಕೈ ಅತ್ತೆ

ಜರ್ಮನಿಯ ಈ ಕಾರ್ಲ್ಸ್‌ರುಹೆ ಊರಿನ ಇಂಡಿಯನ್ ಅಂಗಡಿಯ ಫ್ರೋಜನ್ ಅವರೆಕಾಳಿನಲ್ಲಿ ಸೊಗಡೇ ಇರುವುದಿಲ್ಲ ಎಂದುಕೊಂಡಿದ್ದೆ. ಮೊನ್ನೆ ಭಾನುವಾರ ನೆನೆಸಿದ ಕಾಳನ್ನು ಹಿತುಕಲು ಕೂತಾಗ ಬೆರಳ ತುದಿಯಿಂದ ಆ ಹಸಿ ವಾಸನೆ ಎದ್ದು, ಮೈಸೂರಿನ ನಮ್ಮ ಬಾಡಿಗೆ ಮನೆಯ ನಡುಮನೆ ಕಣ್ಣೆದುರು ಬಂತು. ಅಪ್ಪನ ತಂಗಿ ರತ್ನತ್ತೆ ಗೋಡೆಗೊರಗಿ ಕಥೆ ಓದುತ್ತಿದ್ದಳು. ನಾನೂ ತಮ್ಮನೂ ಬೇಸಿನ್ನಿನ ಆಚೀಚೆ ಕೂತು ಅವರೆ ಹಿತುಕುತ್ತಿದ್ದೆವು. ಕಾಳು ಇರುವಷ್ಟು ಹೊತ್ತು ಓದು, ಅದು ಅವಳ ಕಟ್ಟಳೆ. ಹಾಗಾಗಿ ನಾವು ಬೇಕೆಂದೇ ನಿಧಾನ ಮಾಡುತ್ತಿದ್ದೆವು. “ಏನ್ರೋ, ಹಿತುಕ್ತಿದ್ದೀರೋ, ಮುದ್ದು ಮಾಡ್ತಿದ್ದೀರೋ?” ಎನ್ನುವಳು.

ಆ ಕಥೆ ಹಳೆಯ ಜರ್ಮನ್ ಮಕ್ಕಳ ಕಾದಂಬರಿಯೊಂದರ ಅನುವಾದ. ತಾಯಿಯಿಲ್ಲದ ಮಕ್ಕಳು, ಅವರನ್ನು ಸಾಕುವ ಮದುವೆಯಾಗದ ಅತ್ತೆ, ಅವಳ ಸೊಂಟದಲ್ಲಿ ಸದಾ ಬೀಗದಕೈ ಗೊಂಚಲು. ಅವಳ ಮಾತು ಬಂದಾಗ ರತ್ನತ್ತೆ ಮೂಗು ಹಿಡಿದು ಓದುತ್ತಿದ್ದಳು. ನಿಮಗೂ ಯಾರೋ ಒಬ್ಬರು ಹೀಗೆ ಓದಿ ಹೇಳಿರಬಹುದು. ರತ್ನತ್ತೆಗೂ ಮದುವೆಯಾಗಿರಲಿಲ್ಲ ಎನ್ನುವುದು ಆಗ ನನಗೆ ಹೊಳೆದಿರಲಿಲ್ಲ ಎಂದು ಬರೆಯಲು ಹೊರಟೆ. ಅದು ಸುಳ್ಳು, ಹೊಳೆದಿತ್ತು. ಒಂದು ಸಂಜೆ ಎರಡನೆಯ ಕೊಬ್ಬರಿಮಿಠಾಯಿ ಕೇಳಿದೆ. “ನಾಳೆಗೂ ಬೇಕಲ್ವೇನೇ?” ಎಂದು ಡಬ್ಬ ಎತ್ತಿಟ್ಟಳು. “ನೀನೂ ಬೀಗದಕೈ ಅತ್ತೆನೇ. ಅದಕ್ಕೇ ನಿನ್ನ ಯಾರೂ ಮದುವೆ ಮಾಡ್ಕೊಂಡಿಲ್ಲ,” ಎಂದೆ. ಪುಸ್ತಕದ ಮಕ್ಕಳು ಆಡುವ ಮಾತೇ ಅದು. ಅಥವಾ ತಪ್ಪನ್ನು ಪುಸ್ತಕದ ತಲೆಗೆ ಕಟ್ಟಲು ಈಗ ಹಾಗೆ ನೆನಪು ಮಾಡಿಕೊಳ್ಳುತ್ತಿದ್ದೇನೋ.

ಒಂಬತ್ತು ವರ್ಷದ ನನ್ನ ಮಗಳು ಈಗ ಅದೇ ಕಾದಂಬರಿಯನ್ನು ಶಾಲೆಗಾಗಿ ಜರ್ಮನ್‌ನಲ್ಲಿ ಓದುತ್ತಿದ್ದಾಳೆ. ಭಾನುವಾರ ನನ್ನೆದುರು ಕೂತು ಅರ್ಧ ಓದಿ ಮುಚ್ಚಿಟ್ಟಳು.

“ಆ ಅತ್ತೆ ತುಂಬಾ ಕೆಟ್ಟವಳು, ಅಲ್ವಾ?” ಎಂದೆ.

“ನೈನ್, ಇಲ್ಲ ಅಮ್ಮಾ. ಅಡಿಗೆ, ಬಟ್ಟೆ, ಹೋಮ್‌ವರ್ಕ್, ಎಲ್ಲಾ ಅವಳೇ ಮಾಡ್ತಾಳೆ. ಯಾರೂ ಥ್ಯಾಂಕ್ಸ್ ಕೂಡ ಹೇಳಲ್ಲ. ಮತ್ತೆ ಯಾಕೆ ಎಲ್ಲರೂ ಅವಳನ್ನ ನೋಡಿ ನಗ್ತಾರೆ?”

ನಾನು ಇನ್ನೊಂದು ಕಾಳು ಹಿತುಕಿದೆ.

ಕೊಬ್ಬರಿಮಿಠಾಯಿಯ ಆ ಸಂಜೆಯ ನಂತರ ರತ್ನತ್ತೆ ಮತ್ತೆ ಓದಿದ ನೆನಪಿಲ್ಲ. ಕಥೆ ಅರ್ಧಕ್ಕೇ ನಿಂತಿತು. ಅವರೆಯ ಕಾಲ ಮುಗಿದಿತ್ತೇನೋ. ಪ್ರತಿ ವರ್ಷ ಓದು ನಿಲ್ಲುತ್ತಿದ್ದುದು ಆಗಲೇ. ಹಾಗೇ ಇರಲಿ ಎಂದು ಆಸೆ. ಕೇಳೋಣವೆಂದರೆ ಅವಳಿಲ್ಲ, ಆ ಮನೆಯೂ ಇಲ್ಲ, ತಮ್ಮನಿಗೆ ಆ ಸಂಜೆಯೇ ನೆನಪಿಲ್ಲ. ನನ್ನ ಮಾತಿಗೆ ಅವಳು ನಕ್ಕಳು ಎಂದು ಇಷ್ಟು ವರ್ಷ ನಂಬಿದ್ದೇನೆ. ಏನೋ ಸದ್ದು ಕೇಳಿದ್ದು ನಿಜ. ನಾನು ತಲೆಯೆತ್ತಿ ನೋಡಿರಲಿಲ್ಲ.